ನಾದದ ಬಲ ಯಾರದು?

ಸಂಗೀತವನ್ನು ಬರಹಕ್ಕೆ ಇಳಿಸುವ ಲಿಪಿಗೆ ಸ್ವರಲಿಪಿ ಎಂದು ಹೆಸರು. ಹಾಡಬೇಕಾದ ಸ್ವರ ಯಾವುದು, ಅದು ಎಷ್ಟು ಹೊತ್ತು ನಿಲ್ಲಬೇಕು ಎಂಬ ಎರಡು ಸಂಗತಿಗಳನ್ನು ಈ ಲಿಪಿ ತಕ್ಕಮಟ್ಟಿಗೆ ಖಚಿತವಾಗಿ ಹೇಳುತ್ತದೆ. ಆದರೆ ಆ ಸ್ವರವನ್ನು ಎಷ್ಟು ಬಲದಿಂದ ಹೊರಡಿಸಬೇಕು ಎಂಬ ಮೂರನೆಯ ಸಂಗತಿ ಎದುರಾದಾಗ ಲಿಪಿಯ ಹಿಡಿತ ಸಡಿಲವಾಗುತ್ತದೆ, ಮತ್ತು ಆ ಸಡಿಲದಲ್ಲಿಯೇ ಒಂದು ತಾತ್ವಿಕ ಪ್ರಶ್ನೆ ಹುಟ್ಟುತ್ತದೆ. ಜೋರು, ಮೆಲುಪು ಎಂಬ ಭೇದ ನಾದದ ಸ್ವರೂಪಕ್ಕೆ ಸೇರಿದ್ದೋ, ನಾದವನ್ನು ಹೊರಡಿಸುವ ಕರ್ತೃವಿಗೆ ಸೇರಿದ್ದೋ, ಅಥವಾ ಎರಡಕ್ಕೂ ಹೊರಗಿನ ಒಂದು ಆಗಂತುಕ ಸಂಗತಿಯೋ ಎಂಬುದೇ ಆ ಪ್ರಶ್ನೆ. ಭಾರತೀಯ ದರ್ಶನಗಳು ಇದನ್ನು ಎರಡು ಸಾವಿರ ವರ್ಷಗಳಿಂದ ಚರ್ಚಿಸುತ್ತ ಬಂದಿವೆ. ಸ್ವರಲಿಪಿಯನ್ನು ಬರೆಯುವ ಮತ್ತು ಬರೆದುದನ್ನು ತಾನೇ ನುಡಿಸಿ ಕೇಳಿಸುವ ಕಂಪ್ಯೂಟರ್ ಸಾಫ್ಟ್‌ವೇರ್‌ಗಳು ಬಂದ ಮೇಲೆ ಅದೇ ಪ್ರಶ್ನೆ ಹೊಸ ರೂಪದಲ್ಲಿ ಎದ್ದು ನಿಂತಿದೆ. ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಈ ಪ್ರಶ್ನೆಗೆ ಧಾರ್ಮಿಕ ತೂಕವೂ ಇದೆ. ಏಕೆಂದರೆ ಇಲ್ಲಿಯ ಮಂಟೇಸ್ವಾಮಿ ಪರಂಪರೆಯಲ್ಲಿ ಧರ್ಮಗ್ರಂಥವೆಂಬುದು ಓದುವ ಪುಸ್ತಕವಾಗಿರದೆ ಕೊರಳಿನಿಂದ ಕೊರಳಿಗೆ ದಾಟಿ ಬಂದ ಹಾಡಾಗಿದೆ.

ಮೊದಲು ಗುರುತುಗಳ ವಿಚಾರ. ಪಾಶ್ಚಾತ್ಯ ಸಂಗೀತದಲ್ಲಿ ಧ್ವನಿಯ ಬಲವನ್ನು ಸೂಚಿಸುವ ಗುರುತುಗಳಿಗೆ ಡೈನಮಿಕ್ಸ್ ಎನ್ನುತ್ತಾರೆ. ಇಟಾಲಿಯನ್ ಭಾಷೆಯಲ್ಲಿ ಮೆಲ್ಲಗೆ ಎಂಬರ್ಥದ ಪಿಯಾನೊ, ಬಲವಾಗಿ ಎಂಬರ್ಥದ ಫೋರ್ಟೆ, ಮಧ್ಯಮ ಪ್ರಮಾಣವನ್ನು ಹೇಳುವ ಮೆಝೊ ಎಂಬ ಮೂರು ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ, ಅತಿ ಮೆಲ್ಲಗಿನಿಂದ ಅತಿ ಜೋರಿನವರೆಗೆ ಒಂದು ಸೋಪಾನವನ್ನು ಕಟ್ಟಲಾಗಿದೆ. ಕ್ರಮವಾಗಿ ಏರುವುದಕ್ಕೆ ಕ್ರೆಶೆಂಡೊ, ಇಳಿಯುವುದಕ್ಕೆ ಡಿಮಿನುಎಂಡೊ ಎಂದು ಹೆಸರಿದ್ದು, ಇವನ್ನು ಒಂದು ಕಡೆ ಕೂಡಿ ಇನ್ನೊಂದು ಕಡೆ ಅಗಲಿದ ಎರಡು ಗೆರೆಗಳಿಂದ ತೋರಿಸುತ್ತಾರೆ. ವೆನಿಸ್ ನಗರದ ಸಂತ ಮಾರ್ಕನ ಚರ್ಚಿನಲ್ಲಿ ಸೇವೆಯಲ್ಲಿದ್ದ ಜೊವಾನ್ನಿ ಗೇಬ್ರಿಯೇಲಿಯು 1597ರಲ್ಲಿ ಅಚ್ಚು ಹಾಕಿಸಿದ ಒಂದು ವಾದ್ಯರಚನೆಯ ಹೆಸರಿನಲ್ಲಿಯೇ ಪಿಯಾನೊ ಮತ್ತು ಫೋರ್ಟೆ ಎಂಬ ಪದಗಳಿವೆ. ಬಲದ ಗುರುತುಗಳು ಮುದ್ರಣದಲ್ಲಿ ಕಾಣಿಸಿಕೊಂಡ ಮೊದಮೊದಲ ಕೃತಿಗಳಲ್ಲಿ ಅದೂ ಒಂದು. ಎದುರುಬದುರಾಗಿ ನಿಂತ ಎರಡು ವಾದ್ಯವೃಂದಗಳು ಒಂದೊಂದಾಗಿ ನುಡಿದಾಗ ಮೆಲ್ಲಗೆ, ಕೂಡಿ ನುಡಿದಾಗ ಬಲವಾಗಿ ಎಂಬ ಸರಳ ಕ್ರಮ ಅಲ್ಲಿಯದು. ಕರ್ನಾಟಕ ಸಂಗೀತದ ಸ್ವರಲಿಪಿ ಇಂಥ ಗುರುತುಗಳನ್ನು ಬೆಳೆಸಲಿಲ್ಲ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೆ, ಎಂದರೆ ಸ್ವರವನ್ನು ತೂಗಿ ಜಾರಿಸಿ ಅಲಂಕರಿಸುವ ಕ್ರಮಗಳಿಗೆ, ಬಗೆಬಗೆಯ ಚಿಹ್ನೆಗಳನ್ನು ನಿಯಮಿಸಿದ್ದರೂ ಧ್ವನಿಯ ಬಲವನ್ನು ಗುರುಮುಖದ ಪಾಠಕ್ಕೆ ಬಿಡುವುದೇ ಒಟ್ಟಾರೆ ವಾಡಿಕೆಯಾಗಿ ಉಳಿಯಿತು.

ಕಾಗದದ ಮೇಲೆ ಫೋರ್ಟೆ ಎಂದು ಬರೆದಾಗ ಅದು ಒಬ್ಬ ಮನುಷ್ಯನಿಗೆ ಕೊಟ್ಟ ಸೂಚನೆ. ಆತ ಅದನ್ನು ಕೋಣೆಯ ಅಗಲ, ತನ್ನ ವಾದ್ಯ, ಸಾಹಿತ್ಯದ ಭಾವ ಇವುಗಳನ್ನು ಅರಿತು ಅರ್ಥೈಸುತ್ತಾನೆ. ಸಾಫ್ಟ್‌ವೇರ್‌ನಲ್ಲಿ ಅದೇ ಗುರುತು ಒಂದು ಸಂಖ್ಯೆಯಾಗುತ್ತದೆ. ವಿದ್ಯುನ್ಮಾನ ವಾದ್ಯಗಳು ಪರಸ್ಪರ ಸಂದೇಶ ಕಳಿಸಿಕೊಳ್ಳಲು 1983ರಲ್ಲಿ ರೂಪುಗೊಂಡ ಮಿಡಿ ಎಂಬ ವ್ಯವಸ್ಥೆಯಲ್ಲಿ ಪ್ರತಿ ಸ್ವರದ ಜೊತೆಗೂ ವೆಲಾಸಿಟಿ ಎಂಬ ಒಂದು ಅಂಕಿ ಇರುತ್ತದೆ. ಕೀಲಿಯನ್ನು ಎಷ್ಟು ರಭಸದಿಂದ ಒತ್ತಲಾಯಿತು ಎಂಬುದನ್ನು ಹೇಳುವ ಈ ಅಂಕಿ 0ಯಿಂದ 127ರವರೆಗೆ ಮಾತ್ರ ಹೋಗಬಲ್ಲದು. ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್ ಎಂಬ ಸಾಫ್ಟ್‌ವೇರ್‌ನಲ್ಲಿ ಪಿಯಾನೊ ಗುರುತಿಗೆ 49, ಮೆಝೊ ಪಿಯಾನೊಗೆ 64, ಮೆಝೊ ಫೋರ್ಟೆಗೆ 80, ಫೋರ್ಟೆಗೆ 96, ಅತಿ ಜೋರಿನ ಫೋರ್ಟಿಸಿಮೊಗೆ 112 ಎಂಬ ಬೆಲೆಗಳು ನಿಗದಿಯಾಗಿ ಬಂದಿವೆ. ಬಹುಕಾಲ ಬಳಕೆಯಲ್ಲಿದ್ದ ಫಿನಾಲೆ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಪಿಯಾನೊಗೆ ಅದೇ 49 ಇದ್ದರೂ ಮೆಝೊ ಫೋರ್ಟೆಗೆ 75, ಫೋರ್ಟೆಗೆ 88 ಇವೆ. ಗುರುತು ಇಟ್ಟಲ್ಲಿಂದ ಮುಂದಿನ ಗುರುತು ಬರುವವರೆಗೆ ಅದರ ಅಧಿಕಾರ ನಡೆಯುತ್ತದೆ. ಕ್ರೆಶೆಂಡೊ ಗೆರೆ ಎಳೆದರೆ ಯಂತ್ರ ಅದರ ಆರಂಭದ ಬೆಲೆಗೂ ಕೊನೆಯ ಬೆಲೆಗೂ ನಡುವೆ ಮೆಟ್ಟಿಲುಗಳನ್ನು ಲೆಕ್ಕಹಾಕುತ್ತದೆ. ಕೊನೆಯ ಗುರುತು ಇಲ್ಲದಿದ್ದರೆ ಎಲ್ಲಿಯವರೆಗೆ ಏರಬೇಕೆಂಬುದು ಅದಕ್ಕೆ ಹೊರಗಿನಿಂದ ತಿಳಿಯುವುದಿಲ್ಲ. ವೆಲಾಸಿಟಿ ಸ್ವರದ ಹುಟ್ಟಿನ ಕ್ಷಣಕ್ಕೆ ಮಾತ್ರ ಸಂಬಂಧಿಸಿದ್ದರಿಂದ, ಹಿಡಿದು ನಿಲ್ಲಿಸಿದ ಒಂದೇ ದೀರ್ಘಸ್ವರ ನಡುವೆ ಬೆಳೆಯಬೇಕಾದರೆ ಕಂಟ್ರೋಲರ್ ಎಂಬ ಬೇರೊಂದು ಬಗೆಯ ಸಂದೇಶಗಳ ಸರಣಿಯೇ ಬೇಕಾಗುತ್ತದೆ.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ನೋಡಬೇಕು. ಸಾಫ್ಟ್‌ವೇರ್‌ನ ಡೈನಮಿಕ್ಸ್ ಪಟ್ಟಿಯಿಂದ ಎಫ್ ಅಕ್ಷರವನ್ನು ಆರಿಸಿ ಸ್ವರದ ಕೆಳಗೆ ಇಟ್ಟರೆ ಆ ಸ್ವರ ಜೋರಾಗಿ ಕೇಳಿಸುತ್ತದೆ. ಅದೇ ಅಕ್ಷರವನ್ನು ಸಾಮಾನ್ಯ ಬರಹವೆಂದು ಅದೇ ಜಾಗದಲ್ಲಿ, ಅದೇ ಓರೆಯಲ್ಲಿ, ಅದೇ ದಪ್ಪದಲ್ಲಿ ಟೈಪ್ ಮಾಡಿದರೆ ಕಣ್ಣಿಗೆ ಎರಡೂ ಒಂದೇ ಆಗಿ ಕಂಡರೂ ಧ್ವನಿಯಲ್ಲಿ ಏನೂ ಬದಲಾಗುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಪಟ್ಟಿಯಿಂದ ಇಟ್ಟ ಗುರುತನ್ನು ಅದೃಶ್ಯವಾಗಿಸಿದರೆ ಹಾಳೆಯ ಮೇಲೆ ಏನೂ ಇಲ್ಲದಿದ್ದರೂ ಯಂತ್ರ ಅದನ್ನು ಪಾಲಿಸುತ್ತದೆ. ಗುರುತಿನ ಶಕ್ತಿ ಅದರ ಆಕಾರದಲ್ಲಿ ಇಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ಸಂಕೇತದಿಂದ, ಎಂದರೆ ಇದರಿಂದ ಇದನ್ನು ತಿಳಿಯಬೇಕು ಎಂಬ ಒಪ್ಪಂದದಿಂದ ಬಂದದ್ದು ಎಂದು ನ್ಯಾಯದರ್ಶನ ಹೇಳಿದರೆ, ಆ ಸಂಬಂಧ ಯಾರೂ ಮಾಡಿದ್ದಲ್ಲ, ಅದು ಸಹಜವಾದದ್ದು ಎಂದು ಪೂರ್ವಮೀಮಾಂಸೆ ವಾದಿಸುತ್ತದೆ. ಯಂತ್ರದೊಳಗಿನ ಗುರುತಿನ ಮಟ್ಟಿಗೆ ನ್ಯಾಯದ ಮಾತೇ ನಿಲ್ಲುತ್ತದೆ: ಫೋರ್ಟೆಗೆ ಒಂದು ಕಡೆ 96, ಇನ್ನೊಂದು ಕಡೆ 88 ಎಂಬುದು ಒಪ್ಪಂದವಲ್ಲದೆ ಬೇರೇನೂ ಆಗಲಾರದು. ಆದರೆ ಗುರುತು ಸೂಚಿಸುವ ಬಲವೇ ಯಾವ ಜಾತಿಯ ವಸ್ತು ಎಂಬುದು ಇನ್ನೂ ಉಳಿದಿದೆ, ಮತ್ತು ಅದನ್ನು ಬಿಡಿಸಲು ಮಳವಳ್ಳಿಯ ಹಾಡುಗಾರಿಕೆ ನೆರವಾಗುತ್ತದೆ.

ಮಂಟೇಸ್ವಾಮಿ ಪರಂಪರೆಯ ಭೂಗೋಳ ಬಹುಪಾಲು ಈ ಸೀಮೆಯದೇ. ಭಕ್ತರು ಧರೆಗೆ ದೊಡ್ಡವರು ಎಂದು ಕರೆಯುವ ಮಂಟೇಸ್ವಾಮಿಯ ಮುಖ್ಯ ಮಠ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ. ಆತನ ಶಿಷ್ಯರಲ್ಲಿ ಪ್ರಮುಖನಾದ ಸಿದ್ಧಪ್ಪಾಜಿ ಪೂರ್ವಾಶ್ರಮದಲ್ಲಿ ಕೆಂಪಾಚಾರಿ ಎಂಬ ಹೆಸರಿನವನಾಗಿ ಮದ್ದೂರು ತಾಲ್ಲೂಕಿನ ನಿಡಘಟ್ಟದ ಕಮ್ಮಾರ ಮನೆತನದಲ್ಲಿ ಹುಟ್ಟಿದವನೆಂದು ಕಾವ್ಯ ಹೇಳುತ್ತದೆ. ಆತ ಗುರುವಿನ ಆಣತಿಯಂತೆ ಕಬ್ಬಿಣದ ಭಿಕ್ಷೆ ಬೇಡಲು ಹೋದ ಹಲಗೂರು ಮಳವಳ್ಳಿ ತಾಲ್ಲೂಕಿನದು. ಆತನ ಗದ್ದುಗೆ ಇರುವುದು ನೆರೆಯ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ. ಈ ಕಥೆಯನ್ನು ಹಾಡುವವರು ದೀಕ್ಷೆ ಪಡೆದ ನೀಲಗಾರರು. ತಂಬೂರಿ, ಡಮ್ಮಡಿ, ಗಗ್ಗರ, ತಾಳ ಇವು ಅವರ ವಾದ್ಯಗಳು. ಕಾವ್ಯದ ಒಂದೊಂದು ಭಾಗಕ್ಕೆ ಸಾಲು ಎಂದು ಹೆಸರು. ಮುಖ್ಯ ಗಾಯಕ ಕಥೆಯನ್ನು ಹಾಡಿನಲ್ಲಿಯೂ ಮಾತಿನಲ್ಲಿಯೂ ನಡೆಸುತ್ತ ಹೋದಂತೆ ಹಿಮ್ಮೇಳದವರು ಮರಳಿ ಮರಳಿ ಎತ್ತಿಕೊಳ್ಳುವ ಪಲ್ಲವಿಯಂಥ ಪಂಕ್ತಿಗೆ ಸೊಲ್ಲು ಎನ್ನುತ್ತಾರೆ. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಕ್ಯಾಸೆಟ್ಟುಗಳ ಮೂಲಕ ಈ ಹಾಡು ಹಳೆ ಮೈಸೂರಿನ ಮನೆಮನೆಗೂ ತಲುಪಿದೆ. ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಿಂದ ಬಂದ ಜೀ.ಶಂ. ಪರಮಶಿವಯ್ಯ, ಎಚ್.ಎಲ್. ನಾಗೇಗೌಡರಂಥ ವಿದ್ವಾಂಸರ ದುಡಿಮೆಯಿಂದ ಹಳೆ ಮೈಸೂರಿನ ಜನಪದ ಕಾವ್ಯಗಳ ಪಠ್ಯಗಳು ಅಚ್ಚಿನಲ್ಲಿ ಉಳಿದವು. ಆದರೆ ಪಠ್ಯದಲ್ಲಿ ಉಳಿದದ್ದು ಮಾತು. ಎಲ್ಲಿ ದನಿ ಏರಿತು, ಎಲ್ಲಿ ತಗ್ಗಿತು ಎಂಬುದು ಪುಟದ ಹೊರಗೇ ಉಳಿಯಿತು.

ಇಂಥ ಒಂದು ಸೊಲ್ಲನ್ನು ಸಾಫ್ಟ್‌ವೇರ್‌ನಲ್ಲಿ ಬರೆದರೆ ಏನಾಗುತ್ತದೆಂಬುದನ್ನು ಗಮನಿಸಬಹುದು. ಮುಖ್ಯ ಗಾಯಕನಿಗೆ ಸ್ವರಲಿಪಿಯ ಒಂದು ಪಂಕ್ತಿ, ಹಿಮ್ಮೇಳದ ಮೂವರಿಗೆ ಮೂರು ಪಂಕ್ತಿ ಎಂದು ಹಾಕಿ, ನಾಲ್ಕಕ್ಕೂ ಮೆಝೊ ಫೋರ್ಟೆ ಎಂಬ ಒಂದೇ ಗುರುತನ್ನು ಕೊಟ್ಟರೆ, ಪ್ರತಿಯೊಂದು ದನಿಯ ಬೆಲೆಯೂ 80 ಆಗಿರುತ್ತದೆ. ಆದರೂ ಗಾಯಕ ಒಬ್ಬನೇ ಹಾಡಿದ ಭಾಗಕ್ಕಿಂತ ಹಿಮ್ಮೇಳ ಸೊಲ್ಲನ್ನು ಎತ್ತಿಕೊಂಡ ಭಾಗ ಕಿವಿಗೆ ಜೋರಾಗಿಯೇ ಬರುತ್ತದೆ. ಸಮಬಲದ ಮೂರು ಬೇರೆ ಬೇರೆ ದನಿಗಳು ಕೂಡಿದಾಗ ಒಂದೇ ದನಿಗಿಂತ ಸುಮಾರು 5 ಡೆಸಿಬೆಲ್‌ನಷ್ಟು ಏರಿಕೆ ಆಗುವುದು ಭೌತವಿಜ್ಞಾನದ ಲೆಕ್ಕ. ಡೆಸಿಬೆಲ್ ಎಂಬುದು ಧ್ವನಿಯ ತೀವ್ರತೆಯ ಮಾನ. ಯಾವ ಗುರುತೂ ಹೇಳದ ಒಂದು ಬಲ ಇಲ್ಲಿ ಹಾಡುವವರ ಸಂಖ್ಯೆಯಿಂದಲೇ ಹುಟ್ಟಿತು. ಜೈಮಿನಿಯ ಪೂರ್ವಮೀಮಾಂಸಾ ಸೂತ್ರಗಳ ಮೊದಲ ಪಾದದಲ್ಲಿ ಬರುವ ವಾದ ನಿಖರವಾಗಿ ಇದನ್ನೇ ಕುರಿತದ್ದು. ಉಚ್ಚರಿಸುವವರು ಹೆಚ್ಚಿದಂತೆ ಶಬ್ದ ಬೆಳೆಯುತ್ತದೆ, ಬೆಳೆಯುವ ವಸ್ತು ನಿತ್ಯವಾಗಿರಲಾರದು, ಆದ್ದರಿಂದ ಶಬ್ದ ಮನುಷ್ಯರು ಹುಟ್ಟಿಸಿದ್ದು ಎಂದು ಪೂರ್ವಪಕ್ಷ, ಎಂದರೆ ಎದುರಾಳಿಯ ಮಾತು. ಬೆಳೆಯುವುದು ನಾದವೇ ಹೊರತು ಶಬ್ದವಲ್ಲ ಎಂಬುದು ಮೀಮಾಂಸಕನ ಉತ್ತರ. ಭಾಷ್ಯಕಾರ ಶಬರನ ವಿವರಣೆಯಂತೆ, ಗಾಳಿಯಲ್ಲಿ ಎಡೆಬಿಡದೆ ನಡೆಯುವ ಸಂಯೋಗ ವಿಭಾಗಗಳೇ ನಾದ. ಅವು ನಿತ್ಯವಾದ ಶಬ್ದವನ್ನು ಪ್ರಕಟಗೊಳಿಸುತ್ತವೆ, ಹುಟ್ಟಿಸುವುದಿಲ್ಲ. ಈ ಪ್ರಕಾರ ಒಬ್ಬ ಹಾಡಿದ ಸೊಲ್ಲೂ ಮೂವರು ಹಾಡಿದ ಸೊಲ್ಲೂ ಒಂದೇ. ಹೆಚ್ಚಿದ್ದು ಅದನ್ನು ಹೊತ್ತು ತಂದ ಗಾಳಿಯ ಚಲನೆ.

ವೈಯಾಕರಣರು ಇದೇ ದಿಕ್ಕಿನಲ್ಲಿ ಇನ್ನೂ ಸೂಕ್ಷ್ಮವಾಗಿ ಯೋಚಿಸಿದರು. ಪತಂಜಲಿಯ ಮಹಾಭಾಷ್ಯದಲ್ಲಿ ಭೇರಿಯ ಒಂದು ದೃಷ್ಟಾಂತವಿದೆ: ನಗಾರಿಯನ್ನು ಬಾರಿಸಿದಾಗ ಒಂದು ಪೆಟ್ಟಿನ ಸದ್ದು ಇಪ್ಪತ್ತು ಹೆಜ್ಜೆ ಹೋಗುತ್ತದೆ, ಇನ್ನೊಂದು ಮೂವತ್ತು, ಮತ್ತೊಂದು ನಲವತ್ತು, ಆದರೆ ಸ್ಫೋಟ ಅಷ್ಟೇ ಇರುತ್ತದೆ, ಬೆಳವಣಿಗೆ ಧ್ವನಿಯಿಂದಾದದ್ದು. ಸ್ಫೋಟವೆಂದರೆ ಉಚ್ಚಾರದ ಏರಿಳಿತಗಳ ಹಿಂದೆ ಬದಲಾಗದೆ ನಿಂತು ಅರ್ಥವನ್ನು ಹೊಳೆಯಿಸುವ ಶಬ್ದತತ್ತ್ವ. ಭರ್ತೃಹರಿ ಮುಂದೆ ವಾಕ್ಯಪದೀಯದಲ್ಲಿ ಧ್ವನಿಯನ್ನೇ ಎರಡಾಗಿ ವಿಂಗಡಿಸಿ, ಶಬ್ದದ ಗ್ರಹಣಕ್ಕೆ ಅತ್ಯಗತ್ಯವಾದದ್ದನ್ನು ಪ್ರಾಕೃತಧ್ವನಿ ಎಂದೂ, ಆಮೇಲೆ ಹರಡಿ ನಿಧಾನ, ವೇಗ ಮುಂತಾದ ಭೇದಗಳನ್ನು ತೋರುವುದನ್ನು ವೈಕೃತಧ್ವನಿ ಎಂದೂ ಕರೆದನು. ಸ್ವರಲಿಪಿ ಸಾಫ್ಟ್‌ವೇರ್‌ನ ಒಳರಚನೆ ಈ ವಿಂಗಡಣೆಗೆ ತೀರ ಹತ್ತಿರವಾಗಿದೆ: ಅಲ್ಲಿ ಸ್ವರದ ಗುರುತಿನ ಸಂಖ್ಯೆ ಬೇರೆ, ವೆಲಾಸಿಟಿಯ ಸಂಖ್ಯೆ ಬೇರೆ, ಒಂದನ್ನು ಮುಟ್ಟದೆ ಇನ್ನೊಂದನ್ನು ಬದಲಿಸಬಹುದು, 49ರಲ್ಲಿ ನುಡಿದ ಷಡ್ಜವೂ 112ರಲ್ಲಿ ನುಡಿದ ಷಡ್ಜವೂ ಯಂತ್ರಕ್ಕೆ ಒಂದೇ ಷಡ್ಜ.

ನೈಯಾಯಿಕರು ಮಾತ್ರ ಇದಕ್ಕೆ ಒಪ್ಪಲಿಲ್ಲ. ಶಬ್ದ ಆಕಾಶದ ಗುಣ, ಅದು ಹುಟ್ಟಿ ಅಳಿಯುವಂಥದ್ದು ಎಂಬ ಅವರ ಮತದಲ್ಲಿ ತೀವ್ರತೆ ಮಂದತೆಗಳು ಶಬ್ದಕ್ಕೇ ಸೇರಿದ ನಿಜವಾದ ಭೇದಗಳು. ತೀವ್ರವಾದ ಭೇರಿಯ ಸದ್ದು ಮಂದವಾದ ತಂತಿಯ ಸದ್ದನ್ನು ಅಡಗಿಸುತ್ತದೆಂಬುದನ್ನು ನ್ಯಾಯಭಾಷ್ಯಕಾರ ವಾತ್ಸ್ಯಾಯನ ಇದಕ್ಕೆ ಪ್ರಮಾಣವಾಗಿ ಒಡ್ಡುತ್ತಾನೆ; ತೀವ್ರತೆ ಶಬ್ದದ್ದಲ್ಲದಿದ್ದರೆ ಒಂದು ಶಬ್ದ ಇನ್ನೊಂದನ್ನು ಅಡಗಿಸುವುದು ಹೇಗೆಂದು ಆತನ ಪ್ರಶ್ನೆ. ಮಂಡ್ಯದ ಹಳ್ಳಿಗಳಲ್ಲಿ ಮಾರಿಹಬ್ಬದ ತಮಟೆ ಮೊಳಗುವಾಗ ಪಕ್ಕದಲ್ಲೇ ಮೀಟಿದ ತಂಬೂರಿ ಕೇಳಿಸದೆಂಬುದನ್ನು ಬಲ್ಲವರಿಗೆ ಈ ವಾದದ ಬಲ ತಿಳಿಯುತ್ತದೆ. ಯಂತ್ರದಲ್ಲಿಯೂ ಇದಕ್ಕೆ ಪುಷ್ಟಿಯಿದೆ. ಒಳ್ಳೆಯ ವಾದ್ಯಧ್ವನಿ ಸಂಗ್ರಹಗಳಲ್ಲಿ ಮೆಲ್ಲಗೆ ನುಡಿಸಿದಾಗಿನ ಧ್ವನಿಯನ್ನೂ ಬಲವಾಗಿ ನುಡಿಸಿದಾಗಿನ ಧ್ವನಿಯನ್ನೂ ಬೇರೆ ಬೇರೆಯಾಗಿ ಮುದ್ರಿಸಿಟ್ಟಿರುತ್ತಾರೆ. ವೆಲಾಸಿಟಿ ಏರಿದಂತೆ ಸದ್ದಿನ ಪ್ರಮಾಣದ ಜೊತೆಗೆ ಅದರ ಬಣ್ಣವೂ ಬದಲಾಗುತ್ತದೆ. ಬಲವಾಗಿ ಹಾಡಿದ ಸ್ವರವನ್ನು ರೇಡಿಯೊದ ಕಿವಿ ತಿರುಗಿಸಿ ತಗ್ಗಿಸಿದರೆ ಅದು ಮೆಲ್ಲಗೆ ಹಾಡಿದ ಸ್ವರವಾಗುವುದಿಲ್ಲವೆಂಬುದು ಎಲ್ಲರ ಅನುಭವ. ಹೊರಗಿನಿಂದ ಅಂಟಿಸಿದ ಪ್ರಮಾಣವಷ್ಟೇ ಆಗಿದ್ದರೆ ಬಲಕ್ಕೆ ಹೀಗೆ ಸ್ವರದ ಮೈಯನ್ನೇ ಮಾರ್ಪಡಿಸುವ ಸಾಮರ್ಥ್ಯ ಬರುತ್ತಿರಲಿಲ್ಲ.

ಎರಡು ಪಕ್ಷಗಳೂ ತಮ್ಮ ತಮ್ಮ ಎಡೆಯಲ್ಲಿ ಗಟ್ಟಿಯಾಗಿಯೇ ನಿಲ್ಲುವುದನ್ನು ನೋಡಿದರೆ, ಬಲವನ್ನು ಶಬ್ದದ ಒಳಗೋ ಹೊರಗೋ ಎಂದು ಹುಡುಕುವ ಕ್ರಮವೇ ಸಾಲದೆಂದು ತೋರುತ್ತದೆ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ಉಚ್ಚಾರಣಾಶಾಸ್ತ್ರದ ವಿಷಯಗಳನ್ನು ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನ ಎಂದು ಆರಾಗಿ ಎಣಿಸುತ್ತದೆ; ಇವುಗಳಲ್ಲಿ ನಾಲ್ಕನೆಯದಾದ ಬಲವನ್ನು ಶಂಕರಾಚಾರ್ಯರ ಭಾಷ್ಯ ಪ್ರಯತ್ನವಿಶೇಷವೆಂದು ವಿವರಿಸುತ್ತದೆ. ಈ ವಿವರಣೆ ಪ್ರಶ್ನೆಯ ನೆಲೆಯನ್ನೇ ಬದಲಿಸುತ್ತದೆ. ಬಲವೆಂದರೆ ಕೇಳಿಬಂದ ಸದ್ದಿನ ಅಳತೆ ಎನ್ನುವ ಬದಲು ಹೊರಡಿಸುವವನ ಪ್ರಯತ್ನ ಎಂದುಕೊಂಡರೆ, ಅದು ಮೂಲತಃ ಕರ್ತೃವಿನದು. ಗಾಳಿಯ ಚಲನೆಯೂ ಸ್ವರದ ಬಣ್ಣವೂ ಆ ಪ್ರಯತ್ನದ ಫಲಗಳು. ಮೀಮಾಂಸಕರು ಗಾಳಿಯಲ್ಲಿ ಕಂಡದ್ದೂ ನೈಯಾಯಿಕರು ಶಬ್ದದಲ್ಲಿ ಕಂಡದ್ದೂ ಒಂದೇ ಪ್ರಯತ್ನದ ಎರಡು ಕುರುಹುಗಳೆಂದು ಆಗ ಹೇಳಲು ಬರುತ್ತದೆ.

ಪ್ರಯತ್ನಕ್ಕೂ ಸದ್ದಿಗೂ ಇರುವ ಅಂತರವನ್ನು ತೋರಿಸುವ ನಿರ್ಣಾಯಕ ಉದಾಹರಣೆ ಸದ್ದಿಲ್ಲದ ಉಚ್ಚಾರಣೆ. ತೈತ್ತಿರೀಯ ಪ್ರಾತಿಶಾಖ್ಯವೆಂಬ ವೇದೋಚ್ಚಾರಣೆಯ ಗ್ರಂಥ ವಾಣಿಗೆ ಏಳು ಸ್ಥಾನಗಳನ್ನು ಹೇಳುತ್ತದೆ: ಉಪಾಂಶು, ಧ್ವಾನ, ನಿಮದ, ಉಪಬ್ದಿಮತ್, ಮಂದ್ರ, ಮಧ್ಯಮ, ತಾರ. ತುಟಿ ನಾಲಿಗೆಗಳ ಪ್ರಯತ್ನವಿದ್ದೂ ಇತರರಿಗೆ ಕೇಳಿಸದ ಉಪಾಂಶುವಿನಿಂದ ತೊಡಗಿ, ಅಕ್ಷರಗಳು ಸ್ಪಷ್ಟವಾಗದ ಗುಣುಗುಣಿಸುವಿಕೆ, ಸ್ಪಷ್ಟವಾಗುವ ಪಿಸುಮಾತು, ಕೇಳಿಸುವ ಮಾತು ಎಂದು ಏರುತ್ತ, ಎದೆ, ಕೊರಳು, ತಲೆಗಳಲ್ಲಿ ನೆಲೆಗೊಂಡ ಮೂರು ಸ್ಥಾನಗಳಿಗೆ ಈ ಸೋಪಾನ ಮುಟ್ಟುತ್ತದೆ. ಮಿಡಿಯ ಸೋಪಾನಕ್ಕೆ ಇದನ್ನು ಹೋಲಿಸಿದರೆ ಮೊದಲ ಮೆಟ್ಟಿಲಿನಲ್ಲಿಯೇ ಭೇದ ಕಾಣುತ್ತದೆ. ಮಿಡಿಯಲ್ಲಿ ವೆಲಾಸಿಟಿ 0 ಎಂದು ಬಂದ ಸ್ವರಾರಂಭದ ಸಂದೇಶವನ್ನು ಸ್ವರವನ್ನು ನಿಲ್ಲಿಸು ಎಂಬ ಆಜ್ಞೆಯಾಗಿ ಓದಬೇಕೆಂಬುದು ನಿಯಮ; ಕೇಳಿಸದ ಸ್ವರವೆಂದರೆ ಅಲ್ಲಿ ಇಲ್ಲದ ಸ್ವರ. ವೈದಿಕ ಸೋಪಾನದಲ್ಲಿ ಕೇಳಿಸದ ಮಂತ್ರ ಇರುವ ಮಂತ್ರ. ಮನುಸ್ಮೃತಿಯ ಎಣಿಕೆಯಲ್ಲಂತೂ ಉಪಾಂಶು ಜಪ ವಿಧಿಯಜ್ಞಕ್ಕಿಂತ ನೂರು ಪಟ್ಟು, ಮಾನಸ ಜಪ ಸಾವಿರ ಪಟ್ಟು ಮಿಗಿಲು. ಮದ್ದೂರಿನ ಬಳಿ ಶಿಂಷಾ ತೀರದ ವೈದ್ಯನಾಥಪುರದಂಥ ದೇಗುಲಗಳಲ್ಲಿ ಗರ್ಭಗುಡಿಯೊಳಗೆ ಅರ್ಚಕರ ತುಟಿಯಲ್ಲೇ ನಡೆಯುವ ಜಪಕ್ಕೂ ಹೊರಗೆ ಮೊಳಗುವ ಗಂಟೆಗೂ ಒಂದೇ ಪೂಜೆಯಲ್ಲಿ ಸ್ಥಾನವಿರುವುದು ಈ ತಿಳಿವಳಿಕೆಯಿಂದಲೇ. ಸದ್ದು ಸೊನ್ನೆಯಾದರೂ ಪ್ರಯತ್ನ ಸೊನ್ನೆಯಾಗದಿರುವ ಈ ನೆಲೆಗೆ ಯಂತ್ರದಲ್ಲಿ ಅಂಕಿಯಿಲ್ಲ, ಏಕೆಂದರೆ ಯಂತ್ರ ಬಲ್ಲದ್ದು ಫಲವನ್ನು ಮಾತ್ರ.

ಸದ್ದಿದ್ದೂ ಪ್ರಯತ್ನವಿಲ್ಲದ ಎದುರು ತುದಿಯೂ ಅಷ್ಟೇ ವಿಚಾರಯೋಗ್ಯ. ಯಾವ ಬಲದ ಗುರುತನ್ನೂ ಇಡದೆ ಒಂದು ಹಾಡನ್ನು ಮ್ಯೂಸ್‌ಸ್ಕೋರ್‌ನಲ್ಲಿ ಬರೆದು ನುಡಿಸಿದರೆ ಯಂತ್ರ ಮೌನವಾಗಿ ಉಳಿಯುವುದಿಲ್ಲ, ಸಂದೇಹವನ್ನೂ ತೋರುವುದಿಲ್ಲ; ಮೆಝೊ ಫೋರ್ಟೆಯ 80ನ್ನು ಎಲ್ಲ ಸ್ವರಗಳಿಗೂ ಸಮನಾಗಿ ಹಂಚುತ್ತದೆ. ಮನುಷ್ಯ ಗಾಯಕ ಗುರುತಿಲ್ಲದ ಹಾಳೆಯನ್ನು ನೋಡಿದಾಗ ಇಲ್ಲಿ ತೀರ್ಮಾನ ತನ್ನದೆಂದು ತಿಳಿಯುತ್ತಾನೆ. ಯಂತ್ರ ನೋಡಿದಾಗ ತೀರ್ಮಾನ ಆಗಿಹೋಗಿದೆ ಎಂದು ನಡೆಯುತ್ತದೆ. ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳ ಕಮ್ಮಾರರ ಮುಂದೆ ನಿಂತು ಭಿಕ್ಷೆ ಬೇಡುವ ಸಂದರ್ಭವನ್ನೂ, ಆತನನ್ನು ಅವರು ಪರೀಕ್ಷೆಗೆ ಒಡ್ಡುವ ಸಂದರ್ಭವನ್ನೂ ಹೀಗೆ ಒಂದೇ 80ರಲ್ಲಿ ಕೇಳಿದ ಮಗುವಿಗೆ ಬೇಡುವ ದನಿಗೂ ಗದರುವ ದನಿಗೂ ಇರುವ ಭೇದ ತಿಳಿಯದೆ ಹೋಗುತ್ತದೆ. ಭರತನ ನಾಟ್ಯಶಾಸ್ತ್ರ ಪಾಠ್ಯಕ್ಕೆ ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತ ಎಂಬ ಆರು ಅಲಂಕಾರಗಳನ್ನು ಹೇಳಿ, ಅವುಗಳನ್ನು ಕರೆಯುವುದು, ಜಗಳವಾಡುವುದು, ದುಃಖಿಸುವುದು ಮುಂತಾದ ಸನ್ನಿವೇಶಗಳಿಗೆ ಹೊಂದಿಸಿದ್ದರ ಉದ್ದೇಶ ಈ ಭೇದವನ್ನು ಉಳಿಸುವುದೇ ಆಗಿತ್ತು. ಗುರುತಿಲ್ಲದ ಪ್ಲೇಬ್ಯಾಕ್ ತಟಸ್ಥವಾದದ್ದೆಂದು ಭಾವಿಸುವುದು ತಪ್ಪು. ಅದೂ ಒಂದು ವ್ಯಾಖ್ಯಾನವೇ, ಆದರೆ ವ್ಯಾಖ್ಯಾನಕಾರನಿಲ್ಲದ ವ್ಯಾಖ್ಯಾನ.

ಹಾಗಾದರೆ ಯಂತ್ರ ನುಡಿಸಿದ ಸೊಲ್ಲಿಗೆ ಅರ್ಥವೇ ಇಲ್ಲವೇ ಎಂಬ ಪ್ರಶ್ನೆ ಬರುತ್ತದೆ. ನ್ಯಾಯಶಾಸ್ತ್ರದ ಪಾಠಗಳಲ್ಲಿ ಇದಕ್ಕೆ ಸಮನಾದ ಚರ್ಚೆ ಗಿಳಿಯ ಮಾತನ್ನು ಕುರಿತು ನಡೆದಿದೆ. ವಾಕ್ಯದಿಂದ ಅರ್ಥ ತಿಳಿಯಬೇಕಾದರೆ ತಾತ್ಪರ್ಯದ, ಎಂದರೆ ನುಡಿದವನ ಅಭಿಪ್ರಾಯದ, ಅರಿವು ಬೇಕೆಂದು ನೈಯಾಯಿಕರು ಹೇಳಿದಾಗ, ಯಾವ ಅಭಿಪ್ರಾಯವೂ ಇಲ್ಲದ ಗಿಳಿ ನುಡಿದ ಮಾತು ಕೇಳುವವರಿಗೆ ಅರ್ಥವಾಗುವುದು ಹೇಗೆ ಎಂಬ ಆಕ್ಷೇಪ ಎದ್ದಿತು. ಹದಿನೇಳನೆಯ ಶತಮಾನದ ವಿಶ್ವನಾಥನ ‘ಸಿದ್ಧಾಂತಮುಕ್ತಾವಲಿ’ ಅದನ್ನು ಎದುರಿಸಿ, ಅಂಥಲ್ಲಿ ಈಶ್ವರನ ತಾತ್ಪರ್ಯವನ್ನು ಒಪ್ಪಬೇಕೆಂದೂ, ಗಿಳಿಯ ಮಾತು ವಸ್ತುಸ್ಥಿತಿಗೆ ಹೊಂದದಿದ್ದಾಗ ಅದನ್ನು ಕಲಿಸಿದವನ ತಾತ್ಪರ್ಯವನ್ನೇ ಹಿಡಿಯಬೇಕೆಂದೂ ಹೇಳುತ್ತದೆ. ತಪ್ಪು ನುಡಿಯ ಹೊಣೆ ಈಶ್ವರನದಲ್ಲ, ಗಿಳಿಯದೂ ಅಲ್ಲ, ಕಲಿಸಿದವನದು ಎಂಬ ಈ ನಿರ್ಣಯ ಸ್ವರಲಿಪಿ ಸಾಫ್ಟ್‌ವೇರ್‌ಗೆ ನೇರವಾಗಿ ಅನ್ವಯಿಸುತ್ತದೆ. ಯಂತ್ರದ ಪ್ಲೇಬ್ಯಾಕ್‌ನಲ್ಲಿ ಕೇಳಿಸುವ ಏರಿಳಿತಕ್ಕೆ ಯಂತ್ರದ ಪ್ರಯತ್ನ ಕಾರಣವಲ್ಲ. ಗುರುತನ್ನು ಇಟ್ಟವರ ಅಥವಾ ಇಡದೆ ಬಿಟ್ಟವರ ಪ್ರಯತ್ನ ಕಾರಣ. ಫೋರ್ಟೆಗೆ 96 ಎಂದು ನಿಗದಿ ಮಾಡಿದ ತಂತ್ರಜ್ಞರು, ಅದನ್ನು ಬದಲಿಸದೆ ಒಪ್ಪಿದ ಬರಹಗಾರರು, ಇಬ್ಬರೂ ಆ ಕರ್ತೃತ್ವದಲ್ಲಿ ಪಾಲುದಾರರು.

ಯಂತ್ರ ನುಡಿಸಿದ ಸೊಲ್ಲು ಪೂಜೆಯಾಗಬಲ್ಲದೇ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ದೊರೆಯುತ್ತದೆ. ನೀಲಗಾರನಿಗೆ ಹಾಡುವುದು ದೀಕ್ಷೆಯಿಂದ ಬಂದ ಕರ್ತವ್ಯ. ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುವುದು ಗುರುವಿನ ಕಥೆಗೆ ತಾವೂ ದನಿಗೂಡಿಸುತ್ತೇವೆಂಬ ಒಪ್ಪಿಗೆ. ಆ 5 ಡೆಸಿಬೆಲ್‌ನ ಏರಿಕೆಯಲ್ಲಿ ಮೂವರ ಉಸಿರು, ಇರುಳಿಡೀ ಹಾಡಿದ ದಣಿವು, ಜಾತ್ರೆಯ ಜನಜಂಗುಳಿಯ ನಡುವೆ ಕೊನೆಯಲ್ಲಿ ಕುಳಿತವರಿಗೂ ಕಥೆ ಮುಟ್ಟಬೇಕೆಂಬ ಕಾಳಜಿ ಇವೆಲ್ಲ ಅಡಗಿವೆ. ಅಷ್ಟೇ ಏರಿಕೆಯನ್ನು ಯಂತ್ರವೂ ಉಂಟುಮಾಡಬಲ್ಲದು, ಮತ್ತು ಕಿವಿಗೆ ಎರಡೂ ಸಮನಾಗಿ ತೋರಲೂಬಹುದು. ಆದರೆ ಒಂದರಲ್ಲಿ ಬಲ ಅರ್ಪಣೆಯಾಗಿದೆ, ಇನ್ನೊಂದರಲ್ಲಿ ದಾಖಲೆಯಾಗಿದೆ. ದಾಖಲೆ ಹೀನವಾದ ವಸ್ತುವಲ್ಲ. ಅದು ಅರ್ಪಣೆಯ ಸ್ಥಾನವನ್ನು ತೆಗೆದುಕೊಳ್ಳದಿದ್ದರೆ ಸಾಕು.

ಬಲದ ಗುರುತಿರುವ ಸಂಗೀತ, ಗುರುತಿಲ್ಲದ ಸಂಗೀತ ಎರಡನ್ನೂ ಒಬ್ಬನೇ ವ್ಯಕ್ತಿಯಲ್ಲಿ ಕಾಣಬಹುದೆಂಬುದಕ್ಕೆ ಹಳೆಯ ಮೈಸೂರು ರಾಜ್ಯದ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರು ನಿದರ್ಶನ. ಬಲದ ಗುರುತುಗಳ ಮೇಲೆಯೇ ನಿಂತ ಪಿಯಾನೊ ವಾದ್ಯದ ಸಂಗೀತದಲ್ಲಿ ಅವರು ಶಿಸ್ತಿನ ತರಬೇತಿ ಪಡೆದಿದ್ದರು. ರಷ್ಯಾದ ಸಂಗೀತಗಾರ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೂ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ನೆರವು ನೀಡಿದ್ದರು. ಅದೇ ಅರಸರು ಶ್ರೀವಿದ್ಯೆಯ ಉಪಾಸಕರಾಗಿ ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. ಕರ್ನಾಟಕ ಸಂಗೀತದ ಕ್ರಮದಲ್ಲಿ ಹುಟ್ಟಿದ ಆ ಕೃತಿಗಳು ಪಿಯಾನೊ, ಫೋರ್ಟೆಗಳ ಆಸರೆಯಿಲ್ಲದೆ ಕೊರಳಿನಿಂದ ಕೊರಳಿಗೆ ಸಾಗುತ್ತಿವೆ. ಗುರುತನ್ನು ಬಲ್ಲವನೇ ಗುರುತಿಲ್ಲದೆಡೆ ಗಾಯಕನನ್ನು ನಂಬಬಲ್ಲನೆಂಬ ವಿವೇಕ ಇಂಥ ಎರಡು ಸಾಧನೆಗಳ ಜೊತೆಗೂಡುವಿಕೆಯಿಂದ ಹೊರಡುತ್ತದೆ.

ಇದರಿಂದ ಹೊರಡುವ ತೀರ್ಮಾನ ಇದು: ನಾದದ ಬಲ ಕರ್ತೃವಿನದು; ಗುರುತು ಅದನ್ನು ನೆನಪಿಡಬಲ್ಲದು, ಯಂತ್ರ ಅದನ್ನು ಮರಳಿ ಕೇಳಿಸಬಲ್ಲದು, ಆದರೆ ಎಷ್ಟು ಬಲ ಎಲ್ಲಿ ಬೇಕೆಂದು ನಿಶ್ಚಯಿಸುವ ಹೊಣೆಯನ್ನು ಎರಡೂ ಹೊರಲಾರವು. ಮಳವಳ್ಳಿ, ಮದ್ದೂರು ಸೀಮೆಯ ಹಾಡುಗಳನ್ನು ಸ್ವರಲಿಪಿಗೆ ಇಳಿಸುವ ಕೆಲಸ ಶಾಲೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ, ಆಸಕ್ತರ ಮನೆಗಳಲ್ಲಿ ನಡೆಯಬೇಕಾದದ್ದೇ. ಏಕೆಂದರೆ ಮಾತನ್ನಷ್ಟೇ ಉಳಿಸಿಕೊಂಡ ಪಠ್ಯ ಅರ್ಧ ಪಠ್ಯ. ಆ ಕೆಲಸಕ್ಕೆ ಕೈ ಹಾಕುವವರು ಬರೆಯುವ ಮೊದಲು ನೀಲಗಾರರ ಮುಂದೆ ಕುಳಿತು ಇಡೀ ಸಾಲನ್ನು ಕೇಳಬೇಕು. ದನಿ ಏರಿದಲ್ಲಿ ಏರಿದ್ದಕ್ಕೂ ತಗ್ಗಿದಲ್ಲಿ ತಗ್ಗಿದ್ದಕ್ಕೂ ಕಾರಣವನ್ನು ಅವರಿಂದಲೇ ತಿಳಿದು ಗುರುತು ಇಡಬೇಕು. ಯಂತ್ರ ತಾನಾಗಿ ಕೊಡುವ 80ನ್ನು ಹಾಡಿನ ದನಿಯೆಂದು ಒಪ್ಪಿಕೊಳ್ಳಬಾರದು. ಸ್ವರಲಿಪಿಯ ಜೊತೆಗೆ ಹಾಡಿದವರ ಧ್ವನಿಮುದ್ರಣವನ್ನೂ ಅವರ ಒಪ್ಪಿಗೆಯಿಂದ, ಅವರ ಹೆಸರಿನೊಂದಿಗೆ ಇಡಬೇಕು. ಹಾಗೆ ಮಾಡಿದ ಸ್ವರಲಿಪಿ ಮುಂದಿನ ಹಾಡುಗಾರರಿಗೆ ನಂಬಿಕೆಗೆ ಅರ್ಹವಾದ ನೆರವಾಗುತ್ತದೆ.